ಮೂರು ಇಂಚಿನ ಪೆಟ್ಟು: ಡ್ರಮ್‌ಲೈನ್ ಆಡಿಷನ್‌ಗೆ ಸ್ನೇರ್ ಡ್ರಮ್ ಅಭ್ಯಾಸ

ಅಮೆರಿಕದ ಹೈಸ್ಕೂಲು ಮತ್ತು ಕಾಲೇಜುಗಳ ಮಾರ್ಚಿಂಗ್ ಬ್ಯಾಂಡಿನಲ್ಲಿ ಡ್ರಮ್ಮನ್ನು ಮೈಗೆ ಬಿಗಿದುಕೊಂಡು ನಡೆಯುತ್ತಲೇ ನುಡಿಸುವವರ ಸಾಲಿಗೆ ಡ್ರಮ್‌ಲೈನ್ ಎಂದು ಹೆಸರು. ತಳದಲ್ಲಿ ತಂತಿ ಬಿಗಿದ ಸ್ನೇರ್, ಟೆನರ್, ಬಾಸ್ ಎಂಬ ಡ್ರಮ್‌ಗಳ ವಿಭಾಗಗಳಿರುವ ಈ ಸಾಲಿನಲ್ಲಿ ಪೈಪೋಟಿ ಹೆಚ್ಚಿರುವುದು ಸ್ನೇರಿಗೆ. ಶಾಲೆಯ ತಂಡದಲ್ಲಿ ಮೂರೋ ನಾಲ್ಕೋ ಜಾಗಗಳಿರುತ್ತವೆ, ಶಾಲೆಗಳ ಹೊರಗಿನ ಸ್ವತಂತ್ರ ಮಾರ್ಚಿಂಗ್ ತಂಡಗಳಾದ ದೊಡ್ಡ ಡ್ರಮ್ ಕೋರ್‌ಗಳಲ್ಲಿ ಎಂಟೋ ಒಂಬತ್ತೋ ಇರುತ್ತವೆ. ಬಂದು ನಿಲ್ಲುವವರು ಮಾತ್ರ ಅದರ ಹಲವು ಪಟ್ಟು. ಹೈಸ್ಕೂಲಿನ ಆಡಿಷನ್ ಬಹುಮಟ್ಟಿಗೆ ಬೇಸಿಗೆ ರಜೆಗೆ ಮುಂಚೆ ನಡೆಯುತ್ತದೆ. 1972ರಿಂದ ಬೇಸಿಗೆಯಲ್ಲಿ ಚಾಂಪಿಯನ್‌ಷಿಪ್ ನಡೆಸುತ್ತ ಬಂದಿರುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನಲ್ಲಿ ಸ್ಪರ್ಧಿಸುವ ಬ್ಲೂ ಡೆವಿಲ್ಸ್, ಸ್ಯಾಂಟಾ ಕ್ಲಾರಾ ವ್ಯಾನ್‌ಗಾರ್ಡ್‌ನಂತಹ ತಂಡಗಳ ಆಯ್ಕೆ ಶಿಬಿರಗಳಾದರೆ ಹಿಂದಿನ ವರ್ಷದ ನವೆಂಬರ್ ಸುಮಾರಿಗೇ ಶುರುವಾಗುತ್ತವೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ, ಅವರ ಅಭ್ಯಾಸದ ಸದ್ದನ್ನು ಗೋಡೆಯಾಚೆಯಿಂದ ಸಹಿಸಿಕೊಳ್ಳುವ ತಂದೆತಾಯಿಯರಿಗೂ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಆಡಿಷನ್‌ಗೆ ನಾನು ಹೋದದ್ದು ಆರು ವರ್ಷ ಮೃದಂಗ ಕಲಿತ ಧೈರ್ಯದ ಮೇಲೆ. ತಂಡದವರು ಮುಂಚಿತವಾಗಿ ಕಳುಹಿಸಿದ್ದ ಪಾಠದ ಕಟ್ಟಿನಲ್ಲಿ, ಅವರ ಮಾತಿನಲ್ಲಿ ಹೇಳುವುದಾದರೆ ಪ್ಯಾಕೆಟ್‌ನಲ್ಲಿ, ಅತ್ಯಂತ ಕಷ್ಟವಾಗಿದ್ದ ಎರಡು ಪುಟಗಳನ್ನು ಕಣ್ಣು ಮುಚ್ಚಿ ನುಡಿಸುವಷ್ಟು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಪರೀಕ್ಷಿಸಿದವರು ಕೇಳಿದ್ದು ಮೊದಲ ಪುಟದ ಮೊದಲ ಸಾಲನ್ನು, ಅಂದರೆ ಬಲಗೈಯಲ್ಲಿ ಎಂಟು ಪೆಟ್ಟು, ಎಡಗೈಯಲ್ಲಿ ಎಂಟು ಪೆಟ್ಟು, ಎಲ್ಲವೂ 3 ಇಂಚು ಎತ್ತರದಿಂದ. ನಾಲ್ಕನೆಯ ಆವರ್ತಕ್ಕೆ ಅವರು ಕೈ ಎತ್ತಿ ನಿಲ್ಲಿಸಿ, ಧನ್ಯವಾದ ಹೇಳಿ, ಮುಂದಿನವನನ್ನು ಕರೆದರು. ಆ ವರ್ಷ ನನಗೆ ಜಾಗ ಸಿಗಲಿಲ್ಲ. ಮನೆಗೆ ಬಂದು ನನ್ನದೇ ಧ್ವನಿಮುದ್ರಣವನ್ನು ಕೇಳಿಸಿಕೊಂಡಾಗ ಕಾರಣ ತಿಳಿಯಿತು: ಬಲಗೈಯ ಎಂಟು ಪೆಟ್ಟುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು, ಎಡಗೈಯವು ಎಂಟು ಬೇರೆ ಬೇರೆ ಜನ ನುಡಿಸಿದಂತಿದ್ದವು.

ಎತ್ತರದಿಂದ ಬೀಳುವ ಜೋರು ಪೆಟ್ಟಿಗೆ ಆಕ್ಸೆಂಟ್ ಎಂದೂ, ಆಕ್ಸೆಂಟ್‌ಗಳ ನಡುವೆ ತಗ್ಗಿನಲ್ಲಿ ಬರುವ ಸಣ್ಣ ಪೆಟ್ಟಿಗೆ ಟ್ಯಾಪ್ ಎಂದೂ ಹೇಳುತ್ತಾರೆ. ಆಕ್ಸೆಂಟನ್ನು ಯಾರು ಬೇಕಾದರೂ ಹೊಡೆಯಬಲ್ಲರು. ಆಡಿಷನ್‌ನಲ್ಲಿ ಒಬ್ಬನಿಂದ ಇನ್ನೊಬ್ಬನನ್ನು ಬೇರ್ಪಡಿಸುವುದು ಟ್ಯಾಪ್ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವ ಹಿಡಿತ, ರೋಲ್, ಫ್ಲ್ಯಾಮ್, ಹೆಜ್ಜೆ ಎಲ್ಲವನ್ನೂ ಆ 3 ಇಂಚಿನ ಪೆಟ್ಟಿನ ಕಡೆಯಿಂದಲೇ ನೋಡಿದ್ದೇನೆ.

ವಾದ್ಯದ ಗುಣ

ಇಂದಿನ ಮಾರ್ಚಿಂಗ್ ಸ್ನೇರ್ ಸಾಮಾನ್ಯವಾಗಿ 14 ಇಂಚು ಅಗಲ, 12 ಇಂಚು ಆಳದ್ದು. ಮೇಲಿನ ಹೊದಿಕೆ ಗುಂಡು ನಿರೋಧಕ ಕವಚಗಳಿಗೆ ಬಳಸುವ ಕೆವ್ಲಾರ್ ನೂಲಿನಂತಹ ವಸ್ತುವಿನದು, ಮೇಜಿನ ಹಲಗೆಯಷ್ಟು ಬಿಗಿಯಾಗಿ ಎಳೆದದ್ದು. ಮೃದಂಗದ ಬಲಗಡೆಯ ಕಪ್ಪು ಲೇಪವಾದ ಕರಣೆ ಪೆಟ್ಟಿನ ನಂತರವೂ ನಾದವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಈ ಡ್ರಮ್ ಅಂಥ ಯಾವ ಉಪಕಾರವನ್ನೂ ಮಾಡುವುದಿಲ್ಲ. ಪೆಟ್ಟು ಬಿದ್ದೊಡನೆ ಸದ್ದು ಮುಗಿಯುತ್ತದೆ, ಹಾಗಾಗಿ ಎರಡು ಪೆಟ್ಟುಗಳ ನಡುವಿನ ಅಂತರದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಮೈದಾನದ ಆಚೆ ತುದಿಗೆ ಕೇಳಿಸುತ್ತದೆ. ಹೊದಿಕೆಯ ನಡುಭಾಗದಲ್ಲಿ ಹೊಡೆದಾಗ ಸದ್ದು ತುಂಬಿ ಬರುತ್ತದೆ, ಅಂಚಿನ ಕಡೆ ಸರಿದಷ್ಟೂ ತೆಳುವಾಗುತ್ತದೆ. ಎರಡು ಕೋಲುಗಳ ತುದಿಗಳೂ ಪಕ್ಕಪಕ್ಕದಲ್ಲಿ, ನಟ್ಟನಡುವೆ ಬೀಳಬೇಕೆಂಬ ನಿಯಮ ಬಂದದ್ದು ಇದರಿಂದಲೇ.

ಮನೆಯ ಅಭ್ಯಾಸಕ್ಕೆ ಡ್ರಮ್ ಬೇಕಾಗಿಲ್ಲ. ಗಟ್ಟಿ ರಬ್ಬರಿನ ಪ್ರಾಕ್ಟೀಸ್ ಪ್ಯಾಡ್, ಸುಮಾರು 17 ಇಂಚಿನ ದಪ್ಪನೆಯ ಮಾರ್ಚಿಂಗ್ ಕೋಲುಗಳು, ಟಿಕ್ ಟಿಕ್ ಎಂದು ಗತಿ ಕೊಡುವ ಒಂದು ಮೆಟ್ರೋನೋಮ್ ಇದ್ದರೆ ಸಾಕು. ಡ್ರಮ್‌ಸೆಟ್ಟಿಗೆ ಬಳಸುವ ತೆಳು ಕೋಲಿನಲ್ಲಿ ಅಭ್ಯಾಸ ಮಾಡಿ ಆಡಿಷನ್ ದಿನ ದಪ್ಪ ಕೋಲು ಹಿಡಿದರೆ ಕೈ ಹದಿನೈದು ನಿಮಿಷಕ್ಕೇ ಸೋಲುತ್ತದೆ. ಪ್ಯಾಡನ್ನು ಸ್ಟ್ಯಾಂಡಿನ ಮೇಲೆ ಹೊಕ್ಕುಳಿಗಿಂತ ತುಸು ಕೆಳಗಿನ ಮಟ್ಟದಲ್ಲಿಟ್ಟು ನಿಂತೇ ನುಡಿಸಬೇಕು. ಹಾಸಿಗೆಯ ಮೇಲೆ ಕುಳಿತು ತೊಡೆಯ ಮೇಲಿಟ್ಟುಕೊಂಡು ಕಲಿತ ಕೈಯನ್ನು ಆಮೇಲೆ ತಿದ್ದುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ನಿಜವಾದ ಡ್ರಮ್ಮಿನ ಮುಂದೆ ನಿಲ್ಲುವ ದಿನ ಕಿವಿಗೆ ಇಯರ್‌ಪ್ಲಗ್ ಮರೆಯಬಾರದು.

ಹಿಡಿತ

ಸ್ನೇರ್ ಸಾಲುಗಳಲ್ಲಿ ಬಹುಪಾಲು ಟ್ರೆಡಿಷನಲ್ ಗ್ರಿಪ್ ಎಂಬ ಹಿಡಿತವನ್ನು ಬಳಸುತ್ತವೆ. ಹಿಂದೆ ಸೈನ್ಯದಲ್ಲಿ ಡ್ರಮ್ಮನ್ನು ಹೆಗಲ ಪಟ್ಟಿಯಿಂದ ಇಳಿಬಿಡುತ್ತಿದ್ದಾಗ ಅದು ಒಂದು ಪಕ್ಕಕ್ಕೆ ವಾಲುತ್ತಿತ್ತು, ಎತ್ತರವಾದ ಬದಿಯ ಕೈಯನ್ನು ಅಂಚಿನ ಮೇಲಿಂದ ತರಬೇಕಾಗುತ್ತಿತ್ತು. ಅದಕ್ಕಾಗಿ ಹುಟ್ಟಿದ ಎಡಗೈ ಹಿಡಿತ, ಡ್ರಮ್ ಮಟ್ಟಸವಾಗಿ ಕೂರುವಂತೆ ಮೈಗೆ ತೊಡುವ ಚೌಕಟ್ಟಾದ ಕ್ಯಾರಿಯರ್ ಬಂದ ಮೇಲೂ ಉಳಿದುಕೊಂಡಿದೆ. ಎರಡೂ ಕೈಗಳನ್ನು ಒಂದೇ ರೀತಿ ಹಿಡಿಯುವ ಮ್ಯಾಚ್ಡ್ ಗ್ರಿಪ್‌ನ ತಂಡಗಳೂ ಇರುವುದರಿಂದ, ತಾವು ಸೇರಬಯಸುವ ತಂಡ ಯಾವುದನ್ನು ಬಯಸುತ್ತದೆಂದು ಪ್ಯಾಕೆಟ್ ನೋಡಿ ತಿಳಿದುಕೊಂಡೇ ಅಭ್ಯಾಸ ಆರಂಭಿಸಬೇಕು.

ಬಲಗೈಯ ವಿಚಾರ ಸರಳ. ಕೋಲಿನ ಹಿಂತುದಿಯಿಂದ ಸುಮಾರು ಮೂರನೆಯ ಒಂದು ಭಾಗ ಬಿಟ್ಟು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಹಿಡಿದು, ಉಳಿದ ಬೆರಳುಗಳನ್ನು ಸುಮ್ಮನೆ ಸುತ್ತಿಕೊಳ್ಳಬೇಕು. ಯಾವ ಬೆರಳೂ ಕೋಲನ್ನು ಬಿಟ್ಟು ಗಾಳಿಯಲ್ಲಿ ನಿಲ್ಲಬಾರದು, ಹಿಸುಕಲೂಬಾರದು. ಚಲನೆ ಮಣಿಕಟ್ಟಿನದು.

ಎಡಗೈಗೆ ತಾಳ್ಮೆ ಬೇಕು. ಯಾರದೋ ಕೈ ಕುಲುಕಲು ಚಾಚಿದಂತೆ ಎಡಗೈಯನ್ನು ಮುಂದೆ ಹಿಡಿದು, ಕೋಲನ್ನು ಹೆಬ್ಬೆರಳು ಮತ್ತು ತೋರುಬೆರಳು ಕೂಡುವ ಸಂದಿನ ಆಳಕ್ಕೆ ಕೂರಿಸಬೇಕು. ಅಲ್ಲಿಂದ ಕೋಲು ನಡುಬೆರಳು ಮತ್ತು ಉಂಗುರ ಬೆರಳಿನ ನಡುವೆ ಹಾದು, ಉಂಗುರ ಬೆರಳಿನ ಉಗುರಿನ ಹಿಂದಿನ ಗಿಣ್ಣಿನ ಹತ್ತಿರ ಒರಗುತ್ತದೆ. ಕಿರುಬೆರಳು ಉಂಗುರ ಬೆರಳಿಗೆ ಕೆಳಗಿನಿಂದ ಆಸರೆ ಕೊಡುತ್ತದೆ. ಹೆಬ್ಬೆರಳು ಕೋಲಿನ ಮೇಲೆ ಮಲಗಿ ತೋರುಬೆರಳಿನ ಗಿಣ್ಣನ್ನು ಮುಟ್ಟಿ ಕೊಂಡಿಯಂತೆ ಮುಚ್ಚಿಕೊಳ್ಳುತ್ತದೆ. ಈ ಕೊಂಡಿ ಬಿಚ್ಚಿಕೊಂಡಿತೆಂದರೆ ಟ್ಯಾಪ್ ಹಾಳಾಯಿತೆಂದೇ ಅರ್ಥ. ಪೆಟ್ಟು ಹುಟ್ಟುವುದು ಮುಂಗೈಯ ತಿರುವಿನಿಂದ, ಬೀಗಕ್ಕೆ ಕೀಲಿಕೈ ಹಾಕಿ ತಿರುಗಿಸುವಾಗ ಕೈ ಹೇಗೆ ಹೊರಳುತ್ತದೆಯೋ ಹಾಗೆ. ಮೊಣಕೈಯಿಂದ ಕೈಯನ್ನು ಮೇಲೆ ಕೆಳಗೆ ಕುಟ್ಟುವುದು ಹೊಸಬರೆಲ್ಲ ಮಾಡುವ ತಪ್ಪು. ಇದನ್ನು ತಿದ್ದಲು ನಾನು ಬಳಸಿದ ಉಪಾಯವೆಂದರೆ, ಉಳಿದ ಬೆರಳುಗಳನ್ನೆಲ್ಲ ಬಿಡಿಸಿ, ಕೇವಲ ಹೆಬ್ಬೆರಳ ಸಂದಿನಲ್ಲಿ ಕೋಲನ್ನು ಕಚ್ಚಿಸಿಕೊಂಡು, ಬರೀ ತಿರುವಿನಿಂದ ದಿನಕ್ಕೆ ಐದು ನಿಮಿಷ ನಿಧಾನವಾಗಿ ನುಡಿಸುವುದು. ಮೊದಲ ವಾರ ಕೋಲು ಬಿದ್ದುಹೋಗುತ್ತದೆ. ಮೂರನೆಯ ವಾರಕ್ಕೆ ಎಡಗೈಯ ಟ್ಯಾಪಿನಲ್ಲಿ ತೂಕ ಕಾಣಿಸತೊಡಗುತ್ತದೆ. ಉಂಗುರ ಬೆರಳಿನ ಮೇಲೆ ಚರ್ಮ ದಪ್ಪಗಟ್ಟುವುದು ಸಹಜ. ಮುಂಗೈಯಲ್ಲಿ ಚುಚ್ಚುವ ನೋವು ಅಥವಾ ಬೆರಳು ಜೋಮು ಹಿಡಿಯುವುದು ಸಹಜವಲ್ಲ, ಅಂಥ ದಿನ ಕೋಲು ಕೆಳಗಿಡಬೇಕು.

ಎಂಟರ ಪಾಠ

ಡ್ರಮ್‌ಲೈನ್‌ಗಳಲ್ಲಿ ಪೆಟ್ಟಿನ ಜೋರನ್ನು ಕೋಲಿನ ತುದಿ ಏಳುವ ಎತ್ತರದಿಂದ ಅಳೆಯುತ್ತಾರೆ. ತಂಡದಿಂದ ತಂಡಕ್ಕೆ ಅಂಕಿಗಳು ಬದಲಾಗುತ್ತವೆಯಾದರೂ 3, 6, 9, 12 ಇಂಚುಗಳ ಮೆಟ್ಟಿಲು ಸಾಮಾನ್ಯ. 3 ಇಂಚೆಂದರೆ ಬ್ಯಾಂಕಿನ ಎಟಿಎಂ ಕಾರ್ಡಿನ ಉದ್ದಕ್ಕಿಂತ ಸ್ವಲ್ಪ ಕಡಿಮೆ. ಪ್ಯಾಡಿನ ಆಚೆ ಬದಿಗೆ ಒಂದು ಹಳೆಯ ಕಾರ್ಡನ್ನು ಉದ್ದುದ್ದವಾಗಿ ನಿಲ್ಲಿಸಿ ಟೇಪು ಹಚ್ಚಿ, ಫೋನಿನ ಕ್ಯಾಮೆರಾವನ್ನು ಪ್ಯಾಡಿನ ಮಟ್ಟಕ್ಕೇ ಇಳಿಸಿ ಎದುರಿಗಿಟ್ಟು ಚಿತ್ರೀಕರಿಸಿದರೆ, ಯಾವ ಪೆಟ್ಟಿನಲ್ಲಿ ಕೋಲು ಕಾರ್ಡನ್ನು ಮೀರಿ ಇಣುಕಿತೆಂಬುದು ಕಣ್ಣಿಗೇ ಕಾಣುತ್ತದೆ. ಕಿವಿ ನಮ್ಮ ಬಗ್ಗೆ ದಾಕ್ಷಿಣ್ಯ ತೋರಿಸುತ್ತದೆ, ಕ್ಯಾಮೆರಾ ತೋರಿಸುವುದಿಲ್ಲ.

ಕೈಗೆ ಎಂಟೆಂಟು ಪೆಟ್ಟು ಬರುವ ಆ ಮೊದಲ ಸಾಲೇ ಎಂಟರ ಪಾಠ; ಅದನ್ನು ಮೊದಲು ನಿಮಿಷಕ್ಕೆ 80 ಬಡಿತಗಳ ವೇಗದಲ್ಲಿ, ಒಂದು ಬಡಿತಕ್ಕೆ ಎರಡು ಪೆಟ್ಟಿನಂತೆ, 9 ಇಂಚಿನಲ್ಲಿ ನುಡಿಸಬೇಕು. ಕೋಲು ಪ್ಯಾಡಿಗೆ ತಾಗಿ ತಾನಾಗಿ ಮೇಲೆದ್ದು ಬರಲು ಬಿಟ್ಟು, ಎದ್ದ ಕೋಲನ್ನು ಮತ್ತೆ ತಿರುಗಿಸಿ ಕಳುಹಿಸುವುದಷ್ಟೇ ಕೈಯ ಕೆಲಸ. ಅದು ಹಿಡಿತಕ್ಕೆ ಬಂದ ಮೇಲೆ ಇದೇ ಪಾಠವನ್ನು 3 ಇಂಚಿಗೆ ಇಳಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಎತ್ತರ ಇಳಿದೊಡನೆ ಕೈ ತಾನಾಗಿ ಅಂಜುತ್ತದೆ, ಸದ್ದು ಮಾಡಬಾರದೆಂಬಂತೆ ಕೋಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಟ್ಯಾಪ್ ಎಂದರೆ ತಗ್ಗಿನಿಂದ ಬರುವ ಪೂರ್ತಿ ಪೆಟ್ಟು. ಬೆರಳುಗಳೆಲ್ಲ ಕೋಲಿನ ಮೇಲಿದ್ದು, ಮುಂಗೈಯ ತೂಕ ಕೋಲಿನ ಹಿಂದೆ ನಿಂತಿರಬೇಕು. ಎಂಟು ಪೆಟ್ಟು ಮುಗಿಸಿ ಕೈ ಬದಲಾಗುವ ಜಾಗದಲ್ಲಿ ಸದ್ದಿನ ಬಣ್ಣ ಬದಲಾಗದಿದ್ದರೆ ಮಾತ್ರ ವೇಗವನ್ನು ಐದೈದು ಬಡಿತ ಏರಿಸುತ್ತ ಹೋಗಬಹುದು. ಕೋಣೆಯ ಹೊರಗೆ ನಿಂತ ಅಮ್ಮನನ್ನೋ ತಂಗಿಯನ್ನೋ ಕೇಳಿ, ಈಗ ನುಡಿಸಿದ್ದು ಎಡಗೈಯೋ ಬಲಗೈಯೋ ಎಂದು. ಅವರು ತಪ್ಪು ಹೇಳಿದ ದಿನ ನಿಮ್ಮ ಅಭ್ಯಾಸ ಸಾರ್ಥಕ.

ಇದರ ಮುಂದಿನ ಮೆಟ್ಟಿಲು ಆಕ್ಸೆಂಟ್ ಮತ್ತು ಟ್ಯಾಪ್‌ಗಳನ್ನು ಬೆರೆಸುವುದು. ನಾಲ್ಕು ಪೆಟ್ಟುಗಳಲ್ಲಿ ಮೊದಲನೆಯದು 9 ಇಂಚಿನಿಂದ, ಉಳಿದ ಮೂರು 3 ಇಂಚಿನಿಂದ. ಕಷ್ಟವೆಲ್ಲ ಎರಡನೆಯ ಪೆಟ್ಟಿನಲ್ಲಿದೆ. ಆಕ್ಸೆಂಟಿನಿಂದ ಪುಟಿದ ಕೋಲನ್ನು ತಡೆಯದೆ ಬಿಟ್ಟರೆ ಎರಡನೆಯದು 5 ಇಂಚಿನಿಂದ ಬೀಳುತ್ತದೆ. ಗಾಬರಿಯಲ್ಲಿ ಮುಷ್ಟಿ ಬಿಗಿದು ತಡೆದರೆ ಆಕ್ಸೆಂಟ್ ಕತ್ತು ಹಿಸುಕಿದಂತೆ ಕೇಳಿಸುತ್ತದೆ, ಅದರ ಹಿಂದಿನ ಟ್ಯಾಪ್ ಸತ್ತೇಹೋಗುತ್ತದೆ. ಒಂದೇ ಆಕ್ಸೆಂಟ್ ಹೊಡೆದು ಕೋಲನ್ನು ಕಾರ್ಡಿನ ಮಟ್ಟದಲ್ಲಿ ಗಾಳಿಯಲ್ಲೇ ನಿಲ್ಲಿಸಿ, ಕೈ ಸಡಿಲವಾಗಿದೆಯೇ ಎಂದು ನೋಡಿಕೊಂಡು, ಆಮೇಲೆ ಮುಂದಿನ ಪೆಟ್ಟಿಗೆ ಹೋಗುವ ಅಭ್ಯಾಸವನ್ನು ಎರಡು ವಾರ ಮಾಡಿದರೂ ನಷ್ಟವಿಲ್ಲ.

ರೋಲ್ ಮತ್ತು ಫ್ಲ್ಯಾಮ್

ಒಂದೇ ಕೈಯಲ್ಲಿ ಬೆನ್ನುಬೆನ್ನಿಗೆ ಬರುವ ಎರಡು ಪೆಟ್ಟುಗಳಿಗೆ ಡಿಡಲ್ ಎನ್ನುತ್ತಾರೆ, ಡಿಡಲ್‌ಗಳು ಎಡೆಬಿಡದೆ ಸಾಗಿದರೆ ಅದು ರೋಲ್. 120 ಬಡಿತಗಳ ವೇಗದಲ್ಲಿ ಸಾಮಾನ್ಯ ರೋಲ್ ಎಂದರೆ ಸೆಕೆಂಡಿಗೆ 16 ಪೆಟ್ಟು, ಅಂದರೆ ಕೈಯೊಂದಕ್ಕೆ ಎಂಟು. ಈ ಲೆಕ್ಕ ಕೇಳಿ ಹೆದರಿ ಕೈಯನ್ನು ಕಂಪಿಸಿ ಝರ್ ಎನಿಸುವವರೇ ಹೆಚ್ಚು. ಸರಿಯಾದ ದಾರಿ ಹೀಗಿದೆ: ಮೊದಲು ಡಿಡಲ್‌ಗಳನ್ನು ತೆಗೆದುಹಾಕಿ ಅವುಗಳ ಅಡಿಯಲ್ಲಿರುವ ಒಂಟಿ ಪೆಟ್ಟುಗಳ ಅಸ್ಥಿಪಂಜರವನ್ನು ಮಾತ್ರ ನುಡಿಸಬೇಕು. ಇದನ್ನು ಚೆಕ್ ಎಂದು ಕರೆಯುತ್ತಾರೆ. ನಾಲ್ಕು ಆವರ್ತ ಚೆಕ್, ನಾಲ್ಕು ಆವರ್ತ ರೋಲ್, ಮತ್ತೆ ಚೆಕ್; ಮೂರರಲ್ಲೂ ಕೈಗಳು ಓಡುವ ಗತಿ ಒಂದಿಷ್ಟೂ ಬದಲಾಗಬಾರದು. ಡಿಡಲ್‌ನ ಎರಡನೆಯ ಪೆಟ್ಟು ಮೊದಲಿನದಕ್ಕಿಂತ ಸೊರಗುವುದು ಇನ್ನೊಂದು ಕಾಯಿಲೆ. ಹಾಸುಗಂಬಳಿಯನ್ನೋ ದಿಂಬನ್ನೋ ಪ್ಯಾಡ್ ಮಾಡಿಕೊಂಡು ಡಿಡಲ್ ನುಡಿಸಿದರೆ ಪುಟಿತದ ಸಹಾಯ ಸಿಗುವುದಿಲ್ಲವಾದ್ದರಿಂದ ಎರಡನೆಯ ಪೆಟ್ಟನ್ನು ಕೈಯೇ ಹೊಡೆಯಬೇಕಾಗುತ್ತದೆ. ಹತ್ತು ನಿಮಿಷ ಮೀರದಂತೆ ಇದನ್ನು ಮಾಡಬಹುದು.

ಫ್ಲ್ಯಾಮ್ ಎಂದರೆ ಒಂದು ದೊಡ್ಡ ಪೆಟ್ಟು ಮತ್ತು ಅದಕ್ಕೆ ಕಣ್ಣು ಮಿಟುಕಿಸುವಷ್ಟು ಮುಂಚೆ ಇನ್ನೊಂದು ಕೈ ಇಂಚಿನೆತ್ತರದಿಂದ ಸೇರಿಸುವ ಸಣ್ಣ ಪೆಟ್ಟು, ಇವೆರಡರ ಜೋಡಿ. ಎರಡೂ ಕೋಲುಗಳು ಒಟ್ಟಿಗೇ ಕೆಳಗಿಳಿಯಲು ಹೊರಡಬೇಕು, ತಗ್ಗಿನಲ್ಲಿದ್ದದ್ದು ತಾನಾಗಿ ಮೊದಲು ಮುಟ್ಟುತ್ತದೆ. ಫ್ಲ್ಯಾಮ್ ಟ್ಯಾಪ್ ಎಂಬ ಪಾಠವನ್ನು ಹತ್ತಿರದಿಂದ ನೋಡಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. ಬಲಗೈಯಲ್ಲಿ ಫ್ಲ್ಯಾಮ್, ಬಲಗೈಯಲ್ಲೇ ಟ್ಯಾಪ್, ಎಡಗೈಯಲ್ಲಿ ಫ್ಲ್ಯಾಮ್, ಎಡಗೈಯಲ್ಲೇ ಟ್ಯಾಪ್ ಎಂಬುದು ಅದರ ಸಾಲು. ಎಡಗೈಯನ್ನು ಮರೆತು ಬಲಗೈಯೊಂದನ್ನೇ ಹಿಂಬಾಲಿಸಿ: ದೊಡ್ಡ ಪೆಟ್ಟು, ಟ್ಯಾಪ್, ಎಡಗೈ ಫ್ಲ್ಯಾಮಿಗೆ ಮುನ್ನಿನ ಸಣ್ಣ ಪೆಟ್ಟು, ಒಂದು ವಿರಾಮ. ಅಂದರೆ ಒಂದೇ ಕೈಯಲ್ಲಿ ಮೂರು ಪೆಟ್ಟು, ಎತ್ತರಗಳು ಹಂತಹಂತವಾಗಿ ಇಳಿಯುತ್ತ. ತಿರುಗುಮುರುಗಾದ ಇನ್ವರ್ಟೆಡ್ ಫ್ಲ್ಯಾಮ್ ಟ್ಯಾಪ್‌ನಲ್ಲಿ ಅದೇ ಕೈ ತಗ್ಗಿನಿಂದ ಎತ್ತರಕ್ಕೆ ಏರುತ್ತದೆ. ಒಂದೊಂದು ಕೈಯನ್ನು ಬೇರೆಯಾಗಿ ನುಡಿಸಿ ಆಮೇಲೆ ಕೂಡಿಸಿದವರಿಗೆ ಇವು ಒಂದು ತಿಂಗಳ ಕೆಲಸ, ಎರಡು ಕೈಗಳನ್ನು ಮೊದಲಿನಿಂದಲೇ ಒಟ್ಟಿಗೆ ನುಡಿಸುವವರಿಗೆ ಇವು ವರ್ಷವಾದರೂ ಗಂಟುಗಂಟಾಗಿಯೇ ಉಳಿಯುತ್ತವೆ.

ಇಂಥ ಮೂಲಪಾಠಗಳಿಗೆ ರೂಡಿಮೆಂಟ್ ಎಂದು ಹೆಸರು. 1933ರಲ್ಲಿ ಅಮೆರಿಕದ ಡ್ರಮ್ಮರ್‌ಗಳ ಸಂಘವೊಂದು 26 ರೂಡಿಮೆಂಟ್‌ಗಳನ್ನು ಪಟ್ಟಿ ಮಾಡಿತ್ತು, 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ ಅದನ್ನು 40ಕ್ಕೆ ವಿಸ್ತರಿಸಿತು. ನಲವತ್ತನ್ನೂ ಅರೆಬರೆ ಕಲಿಯುವುದಕ್ಕಿಂತ ಎರಡು ಒಂಟಿ ಪೆಟ್ಟಿನ ಹಿಂದೆ ಒಂದು ಡಿಡಲ್ ಬರುವ ಪ್ಯಾರಾಡಿಡಲ್, ಐದು ಮತ್ತು ಒಂಬತ್ತು ಪೆಟ್ಟಿನ ರೋಲ್, ಫ್ಲ್ಯಾಮ್ ಆಕ್ಸೆಂಟ್, ಫ್ಲ್ಯಾಮ್ ಟ್ಯಾಪ್ ಇಷ್ಟನ್ನು ಎರಡು ಕೈಗಳಿಂದಲೂ ಆರಂಭಿಸಿ ಶುದ್ಧವಾಗಿ ನುಡಿಸುವುದು ಆಡಿಷನ್‌ಗೆ ಹೆಚ್ಚು ಉಪಯುಕ್ತ. ರೂಡಿಮೆಂಟ್‌ಗಳನ್ನು ಬೆಸೆದು ಮಾಡಿದ ಹೈಬ್ರಿಡ್‌ಗಳು, ಉದಾಹರಣೆಗೆ ಫ್ಲ್ಯಾಮಿಗೆ ಡಿಡಲ್ ಅಂಟಿಸಿದ ಚೀಸ್, ಆಮೇಲೆ ಬರಲಿ.

ಕರ್ನಾಟಕ ಸಂಗೀತದ ಲಯಪಾಠ ಕಲಿತವರಿಗೆ ಇಲ್ಲೊಂದು ಅನುಕೂಲವಿದೆ. ಬಡಿತಕ್ಕೆ ಐದು ಅಥವಾ ಏಳು ಪೆಟ್ಟು ಬರುವ ಜಾಗಗಳಲ್ಲಿ ಉಳಿದವರು ತಡವರಿಸುವಾಗ, ‘ತಕತಕಿಟ’, ‘ತಕಿಟತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಂಡು ನುಡಿಸಿದರೆ ಕೈ ತಾನಾಗಿ ದಾರಿ ಹಿಡಿಯುತ್ತದೆ. ನಾಲ್ಕರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ನಡೆ ಬದಲಿಸುವುದೂ ಅವರಿಗೆ ಮನೆಯಂಗಳದ ಆಟ. ಅದೇ ವಿದ್ಯೆಯ ಒಂದು ಅಭ್ಯಾಸವನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟು ಬರಬೇಕು. ಮೃದಂಗದಲ್ಲಿ ಹಾಡುಗಾರರಿಗೆ ತಕ್ಕಂತೆ ನುಡಿಗೆ ಬಾಗು ಬಳುಕು ಕೊಡುವುದು ಗುಣ. ಎಂಟು ಜನ ಒಬ್ಬನಂತೆ ಕೇಳಿಸಬೇಕಾದ ಸಾಲಿನಲ್ಲಿ ಅದು ದೋಷವಾಗುತ್ತದೆ.

ಹೆಜ್ಜೆ, ವಿಡಿಯೊ ಮತ್ತು ಆ ದಿನ

ನಿಂತಲ್ಲೇ ಹೆಜ್ಜೆ ಹಾಕುವುದಕ್ಕೆ ಮಾರ್ಕ್ ಟೈಮ್ ಎನ್ನುತ್ತಾರೆ. ಎಡಗಾಲು ಮೊದಲ ಬಡಿತಕ್ಕೆ, ಬಲಗಾಲು ಎರಡನೆಯದಕ್ಕೆ. ಕೈ ತಪ್ಪಿದರೆ ಕ್ಷಮಿಸುವ ಪರೀಕ್ಷಕರು ಕಾಲು ನಿಂತರೆ ಕ್ಷಮಿಸುವುದು ಕಡಿಮೆ, ಏಕೆಂದರೆ ಕಾಲು ಕೆಟ್ಟವನು ಮೈದಾನದಲ್ಲಿ ಇಡೀ ಸಾಲನ್ನು ಎಳೆದಾಡುತ್ತಾನೆ. ಹಾಗಾಗಿ ಎಂಟರ ಪಾಠದ ಮೊದಲ ದಿನದಿಂದಲೇ ಕಾಲನ್ನೂ ಸೇರಿಸಿಕೊಳ್ಳಬೇಕು. ಪಾಠ ಶುರುವಾಗುವ ಮುನ್ನ ಬಾಯಲ್ಲಿ ‘ಡಟ್, ಡಟ್, ಡಟ್, ಡಟ್’ ಎಂದು ಗತಿ ಕೊಡುವುದು ಈ ಸಾಲುಗಳ ರೂಢಿ. ಒಬ್ಬರೇ ಅಭ್ಯಾಸ ಮಾಡುವಾಗಲೂ ಅದನ್ನು ಗಟ್ಟಿಯಾಗಿ ಹೇಳಬೇಕು. ತಾಳ ಹಾಕುತ್ತ ಜತಿ ಹೇಳಿ ಅಭ್ಯಾಸವಿದ್ದವರಿಗೆ ನಾಚಿಕೆಯಾಗುವುದಿಲ್ಲ, ಉಳಿದವರ ದನಿ ಮೊದಲ ದಿನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಹಲವು ತಂಡಗಳು ಮೊದಲ ಸುತ್ತಿಗೆ ವಿಡಿಯೊ ಕೇಳುತ್ತವೆ. ಕೈ, ಪ್ಯಾಡ್, ಪಾದ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಮೆಟ್ರೋನೋಮಿನ ಸದ್ದು ಕೇಳಿಸಬೇಕು. ವೇಗ ಹೆಚ್ಚಿಸಿ ಟ್ಯಾಪ್‌ಗಳನ್ನು ನುಂಗಿದ ವಿಡಿಯೊಗಿಂತ ಹತ್ತು ಬಡಿತ ನಿಧಾನವಾಗಿ ಪೂರ್ತಿ ಶುದ್ಧವಾಗಿರುವ ವಿಡಿಯೊ ಕಳುಹಿಸುವುದು ಮೇಲು. ಚಿತ್ರೀಕರಣವನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡರೆ ಇಪ್ಪತ್ತನೆಯ ಪ್ರಯತ್ನದ ಹೊತ್ತಿಗೆ ಮುಂಗೈ ಕಲ್ಲಾಗಿರುತ್ತದೆ. ವಾರಕ್ಕೊಮ್ಮೆ ಒಂದೇ ಸಲ ನುಡಿಸಿ ಮುದ್ರಿಸುವುದನ್ನು ರೂಢಿ ಮಾಡಿಕೊಂಡರೆ ಕ್ಯಾಮೆರಾದ ಭಯವೂ ಕಳೆಯುತ್ತದೆ.

ಶಿಬಿರದ ದಿನ ಬಹುಪಾಲು ಸಮಯ ಎಲ್ಲರೂ ಸಾಲಾಗಿ ನಿಂತು ಒಟ್ಟಿಗೆ ನುಡಿಸುವುದರಲ್ಲಿ ಕಳೆಯುತ್ತದೆ. ಪಕ್ಕದವನಿಗಿಂತ ಜೋರಾಗಿ ನುಡಿಸಿ ಗಮನ ಸೆಳೆಯುವ ಆಸೆ ಬರುತ್ತದೆ, ಅದು ತಪ್ಪು ಲೆಕ್ಕ. ಸಾಲಿನ ನಡುವೆ ನಿಂತ ಅನುಭವಿಯ ಕೋಲಿನ ಎತ್ತರವನ್ನು ಓರೆಗಣ್ಣಿನಲ್ಲಿ ಹಿಡಿದುಕೊಂಡು, ಅವನ ಸದ್ದಿನೊಳಗೆ ತನ್ನ ಸದ್ದು ಕಾಣೆಯಾಗುವಂತೆ ನುಡಿಸಬೇಕು. ನಡುವೆ ಪರೀಕ್ಷಕರು ಬಂದು, ಎಡಗೈ ಹೆಬ್ಬೆರಳನ್ನು ಹೀಗಿಡು, ಟ್ಯಾಪನ್ನು ಇನ್ನಷ್ಟು ಇಳಿಸು ಎಂದು ಏನಾದರೊಂದನ್ನು ಬದಲಿಸಲು ಹೇಳುವುದುಂಟು. ನಿಮ್ಮ ಗುರುಗಳು ಹೇಳಿಕೊಟ್ಟದ್ದು ಬೇರೆಯಾಗಿದ್ದರೂ ಆ ಕ್ಷಣದಿಂದಲೇ ಅವರು ಹೇಳಿದಂತೆ ಹಿಡಿದು ನುಡಿಸಿ, ಪೆಟ್ಟು ನಾಲ್ಕು ತಪ್ಪಿದರೂ ಚಿಂತೆಯಿಲ್ಲ. ಅರ್ಧ ಗಂಟೆಯ ನಂತರ ಅವರು ಮತ್ತೆ ನಿಮ್ಮ ಎದುರಿಗೆ ಬಂದು ನಿಂತಾಗ ಮೊದಲು ನೋಡುವುದು ಆ ಹೆಬ್ಬೆರಳನ್ನೇ.